ಸಾಹೇಬರು ಬಿಟ್ಟುಹೋದ ಆರು ಡಬ್ಬಿ

ನನ್ನ ಗಂಡ ಜನ್ಮದಲ್ಲಿ ಒಂದು ಬೀಡಿ ಸೇದಿದವರಲ್ಲ. ದೇವರ ಮುಂದಿನ ಊದಿನಕಡ್ಡಿಯ ಹೊಗೆಗೂ ಕೆಮ್ಮುತ್ತಿದ್ದರು. ಅಂಥವರ ಕೈಗೆ ಆರು ಡಬ್ಬಿ ಪೈಪ್ ತಂಬಾಕು ಬಂತು.

ಆಗ ಅವರು ಮುಂಬಯಿಯ ಫೋರ್ಟಿನ ಒಂದು ಇಂಗ್ಲಿಷ್ ಕಂಪನಿಯಲ್ಲಿ ದೊಡ್ಡ ಸಾಹೇಬರ ಟೈಪಿಸ್ಟ್. ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾದ ಮೇಲೆ ಸಾಹೇಬರೂ ಊರಿಗೆ ಹೊರಟರು. ಕಪಾಟು ಖಾಲಿ ಮಾಡುವಾಗ ಸಿಕ್ಕಿದ ಚಪ್ಪಟೆ ಡಬ್ಬಿಗಳನ್ನು ಇವರ ಕೈಗಿಟ್ಟು, "ಈಗಲೇ ತೆರೆಯಬೇಡ. ತಣ್ಣಗಿನ, ಕತ್ತಲೆಯ ಜಾಗದಲ್ಲಿ ಐದು ವರ್ಷ ಇಡು. ಹಳೆಯದಾದಷ್ಟೂ ರುಚಿ" ಎಂದರಂತೆ. ನೀನು ಸೇದುತ್ತೀಯಾ ಎಂದು ಅವರು ಕೇಳಲಿಲ್ಲ, ಸೇದುವುದಿಲ್ಲ ಎಂದು ಇವರು ಹೇಳಲಿಲ್ಲ. ಸಾಹೇಬರು ಹೇಳಿದ್ದನ್ನು ಒಂದಕ್ಷರ ತಪ್ಪದೆ ಟೈಪ್ ಮಾಡಿ ಅಭ್ಯಾಸವಾದವರು, ಇದನ್ನೂ ಹಾಗೆಯೇ ಪಾಲಿಸಿದರು.

ಚೆಂಬೂರಿನ ನಮ್ಮ ಮನೆಯೆಂದರೆ ಒಂದು ಕೋಣೆ, ಒಂದು ಅಡುಗೆಮನೆ. ಅದರಲ್ಲಿ ತಣ್ಣಗೂ ಕತ್ತಲೆಯೂ ಆದ ಜಾಗ ಅಡುಗೆಕಟ್ಟೆಯ ಕೆಳಗಿನದೊಂದೇ. ಅಲ್ಲಿ ನನ್ನ ಮಾವಿನ ಉಪ್ಪಿನಕಾಯಿಯ ಜಾಡಿಗಳಿದ್ದವು.

"ಉಪ್ಪಿನಕಾಯಿಗೂ ಅದೇ ಜಾಗಾ ಬೇಕ್ರಿ" ಅಂದೆ.

"ಅದು ವರ್ಷದಾಗ ತೀರತೈತಿ. ಇದು ಐದು ವರ್ಷದ ಮಾತು" ಅಂದರು.

ಜಾಡಿಗಳು ಕಿಟಕಿಯ ಬಿಸಿಲಿಗೆ ಹೋದವು. ಮುಂಬಯಿಯ ಮಳೆಗಾಲದಲ್ಲಿ ತಗಡಿಗೆ ತುಕ್ಕು ಹಿಡಿಯುತ್ತದೆಂದು ಪ್ರತಿ ಭಾನುವಾರ ಡಬ್ಬಿಗಳನ್ನು ಹೊರತೆಗೆದು ಎಣ್ಣೆಬಟ್ಟೆಯಿಂದ ಒರೆಸುವರು. ಮುಚ್ಚಳದ ಅಂಚಿಗೆ ಮೇಣದಬತ್ತಿ ಕರಗಿಸಿ ಬಿಡುವರು. ನನಗೆ ಜ್ವರ ಬಂದಾಗಲೂ ಅಷ್ಟು ಸಲ ಮುಟ್ಟಿ ನೋಡಿದವರಲ್ಲ. ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದ ಉಡುಪಿಯವರೊಬ್ಬರು ನಮ್ಮ ಪಕ್ಕದ ಮನೆಯಲ್ಲಿದ್ದರು. ಒಂದು ದಿನ ಈ ಸೇವೆ ನೋಡಿ ಅವರಿಗೆ ತಡೆಯಲಾಗಲಿಲ್ಲ.

"ಅಲ್ಲ ಮಾರಾಯ್ರೆ, ನೀವು ಸೇದುವುದಿಲ್ಲ, ಯಾರಿಗೂ ಕೊಡುವುದೂ ಇಲ್ಲ. ಮತ್ತೆ ಇದು ಎಂತಕ್ಕೆ?"

"ಹಳೇದಾಗ್ಲಿ ಅಂತ" ಅಂದರು ನನ್ನವರು.

ನಾಲ್ಕನೆಯ ಮಳೆಗಾಲಕ್ಕೆ ಧಾರವಾಡದಿಂದ ನಮ್ಮತ್ತೆ ಬಂದರು. ಅವರಿಗೆ ಸುಣ್ಣ ತಿಕ್ಕಿದ ತಂಬಾಕು ದವಡೆಯಲ್ಲಿರದಿದ್ದರೆ ಹೊತ್ತು ಹೋಗುತ್ತಿರಲಿಲ್ಲ. ತಂದದ್ದು ಹದಿನೈದು ದಿನಕ್ಕೆ ಮುಗಿಯಿತು. ಇಲ್ಲಿನ ಅಂಗಡಿಯದನ್ನು ಬಾಯಿಗಿಟ್ಟು, ಕಸ ಎಂದು ಉಗುಳಿದರು. ಒಂದು ಮಧ್ಯಾಹ್ನ, ಮಗ ಆಫೀಸಿನಲ್ಲಿದ್ದಾಗ, ಅಡುಗೆಕಟ್ಟೆಯ ಕೆಳಗೆ ಬಗ್ಗಿ ನೋಡಿದರು.

"ಈ ಡಬ್ಬ್ಯಾಗ ಏನೈತವಾ?"

"ತಂಬಾಕ ರೀ ಅತ್ತಿ. ಸಾಹೇಬರು ಕೊಟ್ಟದ್ದು."

"ಆ ಸಾಹೇಬ ಎಲ್ಲಿದ್ದಾನ?"

"ತಮ್ಮ ಊರಿಗೆ ಹೋದ್ರು."

"ಮತ್ತ ಯಾರಿಗೆ ಹೆದರ್ತಿ? ತಗಿ."

ನನಗೆ ಬಿಸಿಲಿನಲ್ಲಿ ಮೆತ್ತಗಾದ ಉಪ್ಪಿನಕಾಯಿ ನೆನಪಾಯಿತು. ಚಮಚದ ಹಿಡಿಯಿಂದ ಮುಚ್ಚಳ ಎತ್ತಿದೆ. ಡಬ್ಬಿ 'ಉಸ್' ಎಂದು ಉಸಿರುಬಿಟ್ಟಿತು. ಮನೆ ತುಂಬ ಒಣದ್ರಾಕ್ಷಿಯ, ಬೆಲ್ಲದ ಪಾಕದ ವಾಸನೆ. ಅತ್ತೆ ಅಂಗೈಯಲ್ಲಿ ಸುಣ್ಣ ಹಚ್ಚಿ ತಿಕ್ಕಿ ದವಡೆಗಿಟ್ಟುಕೊಂಡು ಕಣ್ಣು ಮುಚ್ಚಿದರು.

"ಬೆಲ್ಲಾ ಹಾಕಿ ಕೆಡಿಸ್ಯಾರ" ಅಂದರು. ಸ್ವಲ್ಪ ಹೊತ್ತಿಗೆ ಇನ್ನೊಂದು ಚಿಟಿಕೆ ಕೇಳಿದರು.

ದಸರೆಯ ಹೊತ್ತಿಗೆ ನಾಲ್ಕು ಡಬ್ಬಿ ಅವರ ದವಡೆ ಸೇರಿದ್ದವು. ಒಂದೊಂದರಲ್ಲೂ ತಳದಲ್ಲಿ ಒಂದು ಹಿಡಿ ಉಳಿಸಿ, ಸೋಸಿದ ಚಹಾದ ಚರಟವನ್ನು ಒಣಗಿಸಿ ಬೆರೆಸಿ, ಮೊದಲಿನಷ್ಟೇ ಭಾರ ಮಾಡಿ, ನಾನೇ ಮೇಣ ಹಚ್ಚಿ ಮುಚ್ಚಿದೆ. ತೆರೆಯದ ಎರಡನ್ನು ಹಿಂದಕ್ಕೆ ಸರಿಸಿಟ್ಟೆ. ಅತ್ತೆ ಊರಿಗೆ ಹೋದರು. ನನ್ನವರು ಭಾನುವಾರದ ಭಾನುವಾರ ಚಹಾದ ಚರಟಕ್ಕೆ ಎಣ್ಣೆ ಒರೆಸುತ್ತಲೇ ಇದ್ದರು.

ಐದು ವರ್ಷ ತುಂಬುವ ಹೊತ್ತಿಗೆ ಆಫೀಸಿಗೆ ಹೊಸ ಮ್ಯಾನೇಜರು ಬಂದಿದ್ದರು. ನಮ್ಮ ದೇಶದವರೇ, ಆದರೆ ಹಳೆಯ ಸಾಹೇಬರಿಗಿಂತ ಹೆಚ್ಚು ಸಾಹೇಬರು, ಬಾಯಿಂದ ಪೈಪ್ ಇಳಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ನನ್ನವರು ಅವರಿಗೆಂದು ಮುಂದಿನ ಸಾಲಿನ ಡಬ್ಬಿಯೊಂದನ್ನು ಪೇಪರಿನಲ್ಲಿ ಸುತ್ತಿ ಟಿಫಿನ್ ಚೀಲಕ್ಕೆ ಹಾಕಿಕೊಂಡರು. ಬೇಡ ಎಂದರೆ ಕಾರಣ ಹೇಳಬೇಕಾಗುತ್ತಿತ್ತು. ನೌಕರಿ ಹೋಯಿತೆಂದೇ ತಿಳಿದು ಬಾಗಿಲಲ್ಲಿ ಕೂತೆ.

ಸಂಜೆ ಲೋಕಲ್ ಇಳಿದು ಬಂದವರ ಮುಖ ಬೆಳಗುತ್ತಿತ್ತು.

"ಮ್ಯಾನೇಜರು ಪೈಪಿಗೆ ತುಂಬಿ ಎರಡು ದಮ್ಮು ಎಳದು ಕಣ್ಣು ಮುಚ್ಚಿಬಿಟ್ರು. 'ಇಂಥಾ ಮಾಗಿದ ತಂಬಾಕು ಈಗ ಲಂಡನ್ನಿನಾಗೂ ಸಿಗಂಗಿಲ್ಲ' ಅಂದ್ರು!"

ಮುಂದಿನ ತಿಂಗಳು ಮ್ಯಾನೇಜರು ತಾವಾಗಿಯೇ ಇನ್ನೊಂದು ಕೇಳಿದರು. ಈ ಸಲವಾದರೂ ಪಾಪ ತೊಳೆಯಲೆಂದು ನಾನೇ ಹಿಂದಿನಿಂದ ತೆರೆಯದ ಡಬ್ಬಿ ತೆಗೆದುಕೊಟ್ಟೆ. ಸಂಜೆ ಜೋಲುಮುಖ ಹಾಕಿಕೊಂಡು ಬಂದರು.

"ಇದು ಸರಿ ಮಾಗಿಲ್ಲಂತ. ಮೊದಲಿನದರ ಹದಾ ಇಲ್ಲಂತ. ನೀ ಒಲಿ ಹತ್ರ ಇಟ್ಟಿದ್ದೇನು?"

"ಇಟ್ಟಿರಬೇಕ್ರಿ" ಅಂದೆ. ಬೇರೇನು ಹೇಳಲಿ?

ಉಳಿದ ಚಹಾದ ಮೂರು ಡಬ್ಬಿಗಳು ಒಂದೊಂದಾಗಿ ಮ್ಯಾನೇಜರಿಗೆ ಹೋದವು, ಒಂದೊಂದಕ್ಕೂ ಹೊಗಳಿಕೆ ಬಂತು. ಕೊನೆಯ ಡಬ್ಬಿಯೂ ಕೆಟ್ಟಿರಬೇಕೆಂದು ನನ್ನವರು ಅದನ್ನು ಮುಟ್ಟಲಿಲ್ಲ. ಧಾರವಾಡಕ್ಕೆ ಹೋಗುವವರ ಕೈಯಲ್ಲಿ ನಾನು ಅದನ್ನು ಅತ್ತೆಗೆ ಕಳಿಸಿದೆ.

ಎಷ್ಟೋ ವರ್ಷಗಳ ಮೇಲೆ, ಮ್ಯಾನೇಜರು ಕೆಲಸ ಬದಲಿಸಿ ಕಲಕತ್ತೆಗೆ ಹೋದ ಸುದ್ದಿ ಹಳೆಯದಾದ ಮೇಲೆ, ಒಂದು ಸಂಜೆ ಚಹಾ ಸೋಸುತ್ತ ಎಲ್ಲವನ್ನೂ ಹೇಳಿಬಿಟ್ಟೆ. ಬೈಯುತ್ತಾರೆ ಅಥವಾ ನಗುತ್ತಾರೆ ಎಂದುಕೊಂಡಿದ್ದೆ. ಅವರು ಚಹಾ ಪೂರ್ತಿ ಕುಡಿದು ಕಪ್ಪು ಕೆಳಗಿಟ್ಟರು.

"ಮ್ಯಾನೇಜರಿಗೆ ಗೊತ್ತಾಗೋದು ಬ್ಯಾಡ" ಅಂದರು ಕಡೆಗೆ. "ಪಾಪ, ಭಾಳ ಖುಷಿಪಟ್ಟಿದ್ರು."