ಟರ್ಬೈನ್ ಹಾಲಿನ ಕೊನೆಯ ಗೋಡೆ

ಹೈದರಾಬಾದಿನ ಹಳೆಯ ಪವರ್ ಹೌಸಿನಲ್ಲಿ ನನ್ನ ಕೆಲಸ ಲಾಗ್ ಬರೆಯುವುದಾಗಿತ್ತು. ಗಂಟೆಗೊಮ್ಮೆ ಮೀಟರುಗಳ ಮುಂದೆ ನಿಂತು ಕಂಡದ್ದನ್ನು ಕಂಡ ಹಾಗೆ ಬರೆಯಬೇಕು, ಊಹೆ ಕೂಡದು. ನಿಜಾಮರ ಕಾಲದ ಕಟ್ಟಡ, ಗೋಡೆ ಎರಡು ಮೊಳ ದಪ್ಪ. ಕಲ್ಲಿದ್ದಲು ಬರುವುದು ನಿಂತಿತು, ಯಂತ್ರಗಳು ಹರಾಜಾದವು, ಪಾರಿವಾಳಗಳು ಉಳಿದವು. ಮುಂದೆ ಊರ ಪಶ್ಚಿಮಕ್ಕೆ ಗಾಜಿನ ಕಟ್ಟಡಗಳೆದ್ದು, ಕಂಪ್ಯೂಟರ್ ಕಂಪನಿಗಳು ನಗರದೊಳಗೂ ಜಾಗ ಹುಡುಕತೊಡಗಿದಾಗ ಅದನ್ನು ಕೆಡವುವುದೆಂದಾಯಿತು. ಉಳಿದ ಸ್ವಿಚ್ ಬೋರ್ಡುಗಳನ್ನು ಪಟ್ಟಿ ಮಾಡಿ ಒಪ್ಪಿಸಲು ನನ್ನನ್ನು ಕಳಿಸಿದರು.

ಕೆಡವುತ್ತಿದ್ದವರು ಯಾದಗಿರಿ ಕಡೆಯವರು. ಅವರಲ್ಲೊಬ್ಬ ನಡುವಯಸ್ಸಿನವನು ನನ್ನ ಮಾತಿನಲ್ಲೇ ರಾಯಚೂರನ್ನು ಗುರುತು ಹಿಡಿದಿದ್ದ.

"ಸಾಹೇಬ್ರ, ಈ ಗ್ವಾಡಿ ಅಲಗಾಡವಲ್ದು. ನಿಮ್ಮಂಗ ಸರ್ಕಾರಿ ನೌಕರಿ ಮಾಡೇತೇನು?"

"ಪೆನ್ಶನ್ ಆದ ಮ್ಯಾಲ ತಾನ ಬೀಳ್ತೈತಿ ಬಿಡು," ಅಂದೆ. ನಕ್ಕು ಸುತ್ತಿಗೆ ಎತ್ತಿಕೊಂಡ.

ಅರ್ಧ ತಾಸಿನ ನಂತರ ಆ ಗೋಡೆಯ ನೆತ್ತಿಯಿಂದ ಸುಣ್ಣದ ಪುಡಿ ಉದುರಿತು. "ಕೂಲಿಪೋತುಂದಿ," ಎಂದು ಮೇಸ್ತ್ರಿ ತೆಲುಗಿನಲ್ಲಿ ಕೂಗಿದ. ಕುಸಿಯುತ್ತದೆ ಎಂದರ್ಥ. ಬಾಗಿಲ ಕಡೆ ಓಡುತ್ತ ನಾನೂ ಅದನ್ನೇ ಎರಡು ಸಲ ಕೂಗಿದೆ. ಮನೆಯ ಹೊಸ್ತಿಲು ದಾಟಿದರೆ ನನ್ನ ಬಾಯಿಗೆ ತೆಲುಗೇ ಬರುತ್ತದೆ. ಮಿಕ್ಕವರು ನಾವು ಓಡುವುದನ್ನು ನೋಡಿ ಓಡಿದರು. ನನ್ನ ಜೊತೆ ನಕ್ಕಿದ್ದವನು ಮಾತ್ರ ನಮಗೆ ಬೆನ್ನು ಮಾಡಿದ್ದ. ಸುತ್ತಿಗೆಯ ಏಟು ಮೊದಲಿಗಿಂತ ಬಿರುಸಾದದ್ದು ಕೇಳಿಸಿತು. ಆಮೇಲೆ ಗೋಡೆ ಬಿತ್ತು.

ಅವನ ಎಡಗಾಲನ್ನು ಮೊಣಕಾಲಿನವರೆಗೆ ತೆಗೆದರು. ನಾಲ್ಕನೆಯ ದಿನ ಆಸ್ಪತ್ರೆಯಲ್ಲಿ ಮಾತಾಡಿದ.

"ಲಗೂ ಹೊಡೀಲಿಲ್ಲಂದ್ರ ಕೂಲಿ ಹೋಗ್ತೈತಿ ಅಂತ ಮೇಸ್ತ್ರಿ ಹೆದರಸಾಕತ್ತಾನ ಅನ್ಕೊಂಡೆ. ನೀವೂ ಅದನ್ನ ಅಂದ್ರಿ, ಅಲ್ರಿ?"

ದನಿಯಲ್ಲಿ ಸಿಟ್ಟಿರಲಿಲ್ಲ. "ಹೌದು, ಅಂದೆ," ಎಂದೆ.

ಗುತ್ತಿಗೆದಾರ ಟೈಪು ಮಾಡಿಸಿದ ಹಾಳೆ ತಾರ್ನಾಕದ ನಮ್ಮ ಮನೆಗೇ ಬಂತು. ಎಚ್ಚರಿಸಿದರೂ ಕೆಲಸಗಾರ ಸರಿಯಲಿಲ್ಲ, ತಪ್ಪು ಅವನದೇ ಎಂದಿತ್ತು. ಸಾಕ್ಷಿಯಾಗಿ ನಾನು ಸಹಿ ಹಾಕಿದರೆ ಅವನಿಗೆ ಪರಿಹಾರವಿಲ್ಲ. ಓದಿದೆ. ಬರೆದದ್ದರಲ್ಲಿ ಅರ್ಧ ನಿಜವೇ, ಎಚ್ಚರಿಸಿದ್ದೆವು.

ಎರಡು ದಿನ ಅದು ಮೇಜಿನ ಮೇಲೆ ಬಿದ್ದಿತ್ತು. ಮೂರನೆಯ ಬೆಳಿಗ್ಗೆ ಬೇರೆ ಹಾಳೆ ತೆಗೆದುಕೊಂಡು, ಲಾಗ್ ಬರೆಯುತ್ತಿದ್ದ ಹಾಗೆ ಬರೆದೆ. ಕೂಗಿದ್ದು ತೆಲುಗಿನಲ್ಲಿ. ಅವನಿಗೆ ಬರುವುದು ಕನ್ನಡ. ಎರಡೂ ಬಲ್ಲವನೊಬ್ಬ ಹದಿನೈದು ಅಡಿ ದೂರದಲ್ಲಿದ್ದ, ಅವನೂ ತೆಲುಗಿನಲ್ಲೇ ಕೂಗಿದ.

ಅದರ ಕೆಳಗೆ ನನ್ನ ಹೆಸರು ಬರೆದು ಸಹಿ ಹಾಕಿದೆ.