ಮೂರು ಹಗ್ಗ ಸಡಿಲು

ಬೆಳಿಗ್ಗೆ ಸುಲೈಮಾನಿಯ ಗ್ಲಾಸನ್ನು ಅವರು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ಆದರೂ ಚಹಾ ಫೈಲುಗಳ ಮೇಲೆ ತುಳುಕುತ್ತಿತ್ತು. ಹೆಚ್ಚು ನಡುಗುತ್ತಿದ್ದುದು ಎಡಗೈಯೋ ಬಲಗೈಯೋ, ಈಗ ಖಚಿತವಿಲ್ಲ. ಗಲ್ಫಿನಲ್ಲಿ, ವೆಸ್ಟ್ ಬೇಯ ನಮ್ಮ ಆಫೀಸಿನ ಹೆಡ್‌ಕ್ಲಾರ್ಕ್ ಅವರು, ಉಡುಪಿ ಕಡೆಯ ಕೊಂಕಣಿ ಕ್ರೈಸ್ತರು. ನನಗೆ ಕೆಲಸ ಕಲಿಸಿದವರು.

ಬ್ರಿಟಿಷ್ ಇಂಜಿನಿಯರುಗಳ ಕೈಕೆಳಗೆ ದುಡಿದು ದುಡಿದು, ಕುಡಿದವನಿಗೆ ಆ ಜನ ಇಟ್ಟ ಹೆಸರುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದರು.

"ತ್ರೀ ಶೀಟ್ಸ್ ಟು ದ ವಿಂಡ್ ಅಂದ್ರೆ ಬೆಡ್‌ಶೀಟ್ ಅಲ್ಲ ಮಾರಾಯ. ಹಡಗಿನವರ ಮಾತದು. ಶೀಟ್ ಅಂದ್ರೆ ಹಾಯಿಯ ಹಗ್ಗ. ಮೂರು ಹಗ್ಗ ಸಡಿಲಾದ್ರೆ ಹಾಯಿ ಪಟಪಟ, ಹಡಗು ಓಲಾಟ."

ಲೆಗ್‌ಲೆಸ್ ಎಂದರೆ ಕಾಲು ಮಾತು ಕೇಳದವನು. ಪ್ಲಾಸ್ಟರ್ಡ್ ಎಂಬುದು ಗೋಡೆಯ ಗಾರೆಯಿಂದ ಬಂತೋ, ಗಾಯದ ಪಟ್ಟಿಯಿಂದ ಬಂತೋ ಹೇಳಿದವರಿಗೇ ಗೊತ್ತಿರಲಿಲ್ಲವಂತೆ.

ಭಾನುವಾರ, ವಾರದ ಕೆಲಸ ಶುರುವಾಗುವ ದಿನ, ಅವರು ತಡವಾಗಿ ಬಂದರೆ ನಾವೇ ಕೇಳುತ್ತಿದ್ದೆವು: "ಸರ್, ಇವತ್ತು ಎಷ್ಟು ಹಗ್ಗ?"

"ಎರಡೇ. ಯಲ್ಲಾ, ಕೆಲಸ ನೋಡಿ."

ಎಲ್ಲರೂ ನಗುತ್ತಿದ್ದೆವು.

ಕಣ್ಣು ಹಳದಿಯಾದಾಗ ಆಸ್ಪತ್ರೆಗೆ ಸೇರಿಸಿದೆ. ಕುಡಿತ ಉಂಟೋ ಎಂದು ಡಾಕ್ಟರು ಕೇಳಿದರೆ, "ಮಾಫಿ, ಇಲ್ಲವೇ ಇಲ್ಲ" ಎಂದುಬಿಟ್ಟರು. ಡಾಕ್ಟರು ಆಚೆ ಹೋದ ಮೇಲೆ ನಾನು ಗದರಿದೆ.

"ನಿಜ ಹೇಳದಿದ್ರೆ ಮದ್ದು ಹೇಗೆ ಕೊಡ್ತಾರೆ ಸರ್?"

"ಹೇಳಿದ್ರೆ ಕೆಲಸ ಖಲಾಸ್. ಮಗಳ ನರ್ಸಿಂಗ್ ಮುಗೀಲಿ."

"ನಿಮ್ಮ ಇಂಗ್ಲಿಷಿನಲ್ಲಾದ್ರೂ ಹೇಳಿ."

"ಇಂಗ್ಲಿಷಿನಲ್ಲಿ ಹೇಳಿದ್ರೆ ನಗ್ತಾರೆ ಅಷ್ಟೇ. ನಮ್ಮಲ್ಲಿ ಒಂದೇ ಶಬ್ದ, ಬೆಬ್ದೊ. ಕುಡುಕ. ನನ್ನಪ್ಪನನ್ನು ಊರವರು ಹಾಗೇ ಕರೀತಿದ್ದದ್ದು."

ಮಾರನೆಯ ಮಧ್ಯಾಹ್ನ ಕುಡಿತ ತಪ್ಪಿದ ಮೈ ಅದುರತೊಡಗಿತು. ಡಾಕ್ಟರು ಮತ್ತೆ ಕೇಳಿದರು. ಸರ್ ಗೋಡೆಯತ್ತ ಹೊರಳಿ ಆ ಒಂದೇ ಶಬ್ದ ಹೇಳಿದರು, ಕೊಂಕಣಿಯಲ್ಲಿ. ಡಾಕ್ಟರಿಗೆ ಅರ್ಥವಾಗಲಿಲ್ಲ. ಅವರು ಕಲಿಸಿದ ಶಬ್ದಗಳೆಲ್ಲ ನನ್ನ ನಾಲಿಗೆಯ ಮೇಲಿದ್ದವು, ಒಂದನ್ನೂ ಆಡಲಾಗಲಿಲ್ಲ. "ತುಂಬಾ ಕುಡೀತಾರೆ" ಎಂದಷ್ಟೇ ಇಂಗ್ಲಿಷಿನಲ್ಲಿ ಹೇಳಿದೆ. ಮದ್ದು ಬದಲಾಯಿತು. ಆದರೆ ತಡವಾಗಿತ್ತು. ಅವರು ಉಳಿಯಲಿಲ್ಲ.

ಸುದ್ದಿ ತಿಳಿಸಲು ಊರಿಗೆ ಫೋನ್ ಮಾಡಿದವನೂ ನಾನೇ. ಅವರ ಹೆಂಡತಿ ಕೇಳಿದರು: "ಬಿಟ್ಟಿದ್ದೇನೆ ಅಂತ ಪ್ರತಿ ಶುಕ್ರವಾರ ಹೇಳ್ತಿದ್ರು. ಕುಡೀತಿದ್ರಾ?"

"ಹೌದು."

"ಗೊತ್ತಿತ್ತು," ಎಂದರು. ಮುಂದಿನ ಮಾತು ಅವರೇ ಆಡಿದ್ದೋ, ಇಷ್ಟು ಸಲ ನೆನೆದು ನಾನೇ ಸೇರಿಸಿಕೊಂಡದ್ದೋ ತಿಳಿಯದು.

"ಫೋನಿನಲ್ಲಿ ಅಷ್ಟು ನಗಿಸ್ತಿದ್ರಲ್ಲ."