ಮೊದಲ ದಿನದ ಕಟಿಂಗ್

ಕಡ್ಡಾಯ ಸೈನ್ಯಸೇವೆಯ ಬಗ್ಗೆ ಯಾವ ದೇಶದವರು ಸಿನಿಮಾ ಮಾಡಿದರೂ ಮೊದಲ ಹತ್ತು ನಿಮಿಷದೊಳಗೆ ಒಂದು ಕ್ಷೌರದ ದೃಶ್ಯ ಇದ್ದೇ ಇರುತ್ತದೆ. ಹುಡುಗರು ಬಸ್ಸಿನಿಂದ ಇಳಿಯುತ್ತಾರೆ, ಸಾಲಾಗಿ ನಿಲ್ಲುತ್ತಾರೆ, ಒಬ್ಬೊಬ್ಬರಾಗಿ ಕುರ್ಚಿಯಲ್ಲಿ ಕೂರುತ್ತಾರೆ. ಕೂದಲು ನೆಲಕ್ಕೆ ಉದುರುತ್ತದೆ. ಹುಡುಗನ ಮುಖವನ್ನು ಕ್ಯಾಮೆರಾ ತೀರಾ ಹತ್ತಿರದಿಂದ ತೋರಿಸುತ್ತದೆ. ಮಿಷಿನ್ ಹಿಡಿದವನದು ಕೈ ಮಾತ್ರ. ಇಂಥ ದೃಶ್ಯ ಬಂದಾಗಲೆಲ್ಲ ನಾನು ಈಗಲೂ ಮುಂದಕ್ಕೆ ಬಾಗಿ ಆ ಕೈಯನ್ನೇ ನೋಡುತ್ತೇನೆ. ಅದಕ್ಕೆ ಕಾರಣ ನನ್ನ ಅಪ್ಪ.

ಅಪ್ಪ ಇಪ್ಪತ್ತೆರಡು ವರ್ಷ ನಮ್ಮ ಸೈನ್ಯದಲ್ಲಿದ್ದವರು. ಬಂದೂಕು ಹಿಡಿಯಲು ಕಲಿತಿದ್ದರು, ಪರೇಡು ಮಾಡಿದ್ದರು, ಆದರೆ ಅವರ ಕೆಲಸ ಕ್ಷೌರ. ಹೊಸ ಹುಡುಗರಿಗೆ ತರಬೇತಿ ಕೊಡುವ ಕೇಂದ್ರದಲ್ಲಿ, ಬಂದವರ ಮೊದಲ ದಿನದ ಕಟಿಂಗ್ ಅವರದು. ನಮ್ಮ ತಾತ, ಮುತ್ತಾತ ಮಾಡಿಕೊಂಡು ಬಂದ ಕಸುಬನ್ನೇ ಅಪ್ಪ ಖಾಕಿ ಹಾಕಿಕೊಂಡು ಮಾಡಿದರು.

ನಾನು ಇದನ್ನು ಯಾರಿಗೂ ಹೇಳಿರಲಿಲ್ಲ. ಮೈಸೂರಿನ ನಮ್ಮ ಶಾಲೆಯಲ್ಲಿ ಅಪ್ಪ ಗಡಿಯಲ್ಲಿ ಗುಂಡು ಹಾರಿಸುವವರು. ಆಗ ನೋಡುತ್ತಿದ್ದ ಸಿನಿಮಾಗಳಲ್ಲಿ ಯೋಧ ಬೆಟ್ಟ ಹತ್ತುತ್ತಿದ್ದ, ಗುಂಡು ತಗುಲಿದ ಮೇಲೂ ಒಂದು ಹಾಡು ಹೇಳಿ ಸಾಯುತ್ತಿದ್ದ. ನಾನು ಸಾವನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಅಪ್ಪನ ಹೆಸರಿಗೆ ಬರೆದೆ. ಒಮ್ಮೆ ರಜೆಗೆ ಬಂದ ಅಪ್ಪ ನನ್ನನ್ನು ಕರೆದುಕೊಂಡು ಹೋಗಲು ಶಾಲೆಗೇ ಬಂದುಬಿಟ್ಟರು. ಮೇಷ್ಟ್ರು ಅವರ ಕೈ ಹಿಡಿದು, "ಯುದ್ಧದಲ್ಲಿ ಬಹಳ ಪರಾಕ್ರಮ ತೋರಿಸಿದ್ರಂತೆ" ಎಂದು ತರಗತಿಯ ಎದುರಿಗೇ ಕೇಳಿದಾಗ ನಾನು ಅಪ್ಪನ ಮುಖವನ್ನೇ ನೋಡಿದೆ. ಅಪ್ಪ "ಹೂಂ ಸರ್" ಎಂದರು, ಅಷ್ಟೇ. ಅವರಿಗೆ ಪ್ರಶ್ನೆ ಸರಿಯಾಗಿ ಕೇಳಿಸಲಿಲ್ಲ, ನಾನು ಬಚಾವಾದೆ ಎಂದುಕೊಂಡೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹಾಲೆಂಡಿನ ಬೆಸ್ಟ್ ಎಂಬ ಪುಟ್ಟ ಊರಿನಲ್ಲಿದ್ದೆ. ಬೆಳಿಗ್ಗೆ ಸೈಕಲ್ಲಿನಲ್ಲಿ ಸ್ಟೇಷನ್ನಿಗೆ, ಅಲ್ಲಿಂದ ರೈಲಿನಲ್ಲಿ ಕೆಲಸಕ್ಕೆ ಐಂಡ್‌ಹೋವನ್ ನಗರಕ್ಕೆ, ಸಂಜೆ ವಾಪಸ್ಸು. ಆ ಮೇ ತಿಂಗಳಲ್ಲಿ ಅಪ್ಪ ಎರಡು ತಿಂಗಳ ಮಟ್ಟಿಗೆ ಬಂದರು. ಅಮ್ಮ ಅಕ್ಕನ ಬಾಣಂತನಕ್ಕೆಂದು ಊರಲ್ಲೇ ಉಳಿದಿದ್ದರು. ಅಪ್ಪನ ಸೂಟ್‌ಕೇಸಿನಲ್ಲಿ ಹುರಿಗಾಳು, ಚಟ್ನಿಪುಡಿ, ಎರಡು ಸ್ವೆಟರು, ಜೊತೆಗೆ ಒಂದು ಹಳೆಯ ಕ್ಯಾನ್ವಾಸ್ ಚೀಲ ಇತ್ತು. ಅದರಲ್ಲಿ ಕತ್ತರಿ, ಬಾಚಣಿಗೆ, ಕೈಯಲ್ಲಿ ಒತ್ತುವ ಹಳೇ ಮಿಷಿನ್.

"ಇದೆಲ್ಲಾ ಯಾಕಪ್ಪಾ ತಂದ್ರಿ?" ಎಂದೆ.

"ನಿನ್ ತಲೆ ಇಲ್ಲಿ ಯಾರು ನೋಡ್ಕೋತಾರೋ?"

"ನಾನು ಸಲೂನಿಗೆ ಹೋಗ್ತೀನಿ" ಎಂದು ಚೀಲವನ್ನು ಬೀರುವಿನ ಮೇಲಿಟ್ಟೆ.

ನಮ್ಮದು ಒಂದಕ್ಕೊಂದು ಅಂಟಿದ ಮನೆಗಳ ಸಾಲು. ಹಿಂದೆ ಪುಟ್ಟ ತೋಟ, ನಡುವೆ ಸೊಂಟದೆತ್ತರದ ಬೇಲಿ. ಬೇಲಿಯಾಚೆ ಒಬ್ಬ ಪೋಸ್ಟ್‌ಮನ್. ವಯಸ್ಸು ಐವತ್ತರ ಆಸುಪಾಸು, ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಬೆನ್ನಿನ ಅರ್ಧದವರೆಗೆ ನರೆತ ಕೂದಲು, ಅದಕ್ಕೊಂದು ರಬ್ಬರ್ ಬ್ಯಾಂಡು. ಅಪ್ಪ ಅವರನ್ನು ಮೊದಲ ಸಲ ನೋಡಿದಾಗ ಕಣ್ಣಿಟ್ಟಿದ್ದು ಮುಖಕ್ಕಲ್ಲ. "ತುದಿ ಎಲ್ಲಾ ಸೀಳ್ಕೊಂಡಿದೆ ಕಣೋ, ಎಷ್ಟು ಕಾಲ ಆಯ್ತೋ ಕತ್ತರಿ ಕಂಡು" ಎಂದು ಒಳಗೆ ಬಂದು ಕೈ ಕೈ ಹಿಸುಕಿಕೊಂಡರು.

ಒಂದು ಶನಿವಾರ ಅವರು ಕಾಫಿಗೆ ಕರೆದರು. ಅವರ ಇಂಗ್ಲಿಷು, ಅಪ್ಪನ ಕನ್ನಡ, ನಡುವೆ ನಾನು. ಅಪ್ಪ ಸೈನ್ಯದಲ್ಲಿದ್ದವರು ಎಂದು ತಿಳಿದ ಕೂಡಲೇ ಅವರು ತಮ್ಮ ಕತೆ ತೆಗೆದರು. ಹತ್ತೊಂಬತ್ತು ತುಂಬುವ ಹೊತ್ತಿಗೆ ಸರ್ಕಾರದ ಕಾಗದ ಬಂತಂತೆ. ಒಂದೂವರೆ ವರ್ಷ ಕಡ್ಡಾಯ ಸೇವೆ.

"ಬೇಡ ಅಂದೋರ್‌ನೂ ಎಳ್ಕೊಂಡ್ ಹೋಗ್ತಿದ್ರಾ?" ಅಪ್ಪನಿಗೆ ನಂಬಿಕೆಯಾಗಲಿಲ್ಲ. "ನಮ್ಮಲ್ಲಿ ಓಟದಲ್ಲಿ ಫೇಲಾದ ಹುಡುಗರು ನನ್ನನ್ನ ತಗೊಳ್ಳಿ ಅಂತ ಅಳ್ತಾ ನಿಂತಿರ್ತಾರಲ್ಲೋ!" ಆಮೇಲೆ ಸ್ವಲ್ಪ ಯೋಚಿಸಿ, "ನನಗೇನು ಯಾರೂ ಕಡ್ಡಾಯ ಮಾಡ್ಲಿಲ್ಲ. ಮನೇಲಿ ಏಳು ಜನ ಇದ್ವಿ" ಎಂದರು.

ಆ ಒಂದೂವರೆ ವರ್ಷದಲ್ಲಿ ಪೋಸ್ಟ್‌ಮನ್ನಿಗೆ ಅತ್ಯಂತ ಕೆಟ್ಟದೆನಿಸಿದ್ದು ಮೊದಲ ದಿನವಂತೆ. ಭುಜ ಮುಟ್ಟುತ್ತಿದ್ದ ಕೂದಲನ್ನು ಮೂರು ನಿಮಿಷದಲ್ಲಿ ಬೋಳಿಸಿದರು. ಅವತ್ತಿನಿಂದ ಅವರು ಯಾವ ಕ್ಷೌರದಂಗಡಿಯ ಮೆಟ್ಟಿಲನ್ನೂ ತುಳಿದಿಲ್ಲ. ಹೆಂಡತಿಯೇ ಅಡುಗೆಮನೆಯಲ್ಲಿ ಕೂರಿಸಿ ತುದಿ ಕತ್ತರಿಸುತ್ತಿದ್ದರು. ಇನ್ನೂ ಹೊಟ್ಟೆ ಉರಿಸುವ ಸಂಗತಿಯೆಂದರೆ, ಇವರು ಸೇವೆ ಮುಗಿಸಿ ಹೊರಬಂದ ಕೆಲವೇ ವರ್ಷಕ್ಕೆ ಇವರ ಸೈನ್ಯ ಉದ್ದ ಕೂದಲಿಗೆ ಅನುಮತಿ ಕೊಟ್ಟಿತು. ಹಳೆಯ ಪತ್ರಿಕೆಯಿಂದ ಕತ್ತರಿಸಿಟ್ಟ ಒಂದು ಚಿತ್ರ ತೋರಿಸಿದರು: ಸಮವಸ್ತ್ರ, ಟೋಪಿ, ಟೋಪಿಯ ಕೆಳಗೆ ಭುಜದವರೆಗೆ ಕೂದಲು ಬಿಟ್ಟ ಸಿಪಾಯಿಗಳು. ಅಪ್ಪ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿ, "ಇದ್ಯಾವ ನಾಟಕದ ಕಂಪನಿಯೋ?" ಎಂದರು. ಒಂದೆರಡು ವರ್ಷದ ಹಿಂದೆ ಹುಡುಗರನ್ನು ಕರೆಯುವುದನ್ನೇ ನಿಲ್ಲಿಸಿದ್ದಾರೆ ಎಂದು ಪೋಸ್ಟ್‌ಮನ್ ಹೇಳಿದಾಗ ಅಪ್ಪನಿಗೆ ಅದೂ ಅರ್ಥವಾಗಲಿಲ್ಲ.

ಆಮೇಲೆ ಅವರು ಕೇಳಿದರು: "ನಿಮ್ಮ ತಂದೆ ಸೈನ್ಯದಲ್ಲಿ ಏನು ಮಾಡ್ತಿದ್ರು?"

ನಾನು ಪ್ರಶ್ನೆಯನ್ನು ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಅಪ್ಪ ನಗುತ್ತಾ, "ಹೇಳು, ಹೊಸ ಹುಡುಗರ ಮೊದಲ್ನೇ ಕಟಿಂಗ್ ಎಲ್ಲಾ ನಂದೇ ಅಂತ. ಇವ್ರ ತಲೆ ಬೋಳಿಸಿದೋನೂ ನನ್ ಥರದೋನೇ ಅಂತ ಹೇಳು" ಎಂದರು.

ನಾನು ಆಗ ಇಪ್ಪತ್ತೆಂಟು ವರ್ಷದವನು, ಓದಿದವನು, ಸಾವಿರಾರು ಮೈಲಿ ದೂರ ಬಂದವನು. ನಮ್ಮ ಕಸುಬಿನ ಬಗ್ಗೆ ಇಲ್ಲಿ ಯಾರಿಗೂ ಏನೂ ಅನ್ನಿಸುವುದಿಲ್ಲ ಎಂದು ಚೆನ್ನಾಗಿ ಗೊತ್ತಿದ್ದವನು. ಆದರೂ ಪೋಸ್ಟ್‌ಮನ್ ಕಡೆಗೆ ತಿರುಗಿ ಇಂಗ್ಲಿಷಿನಲ್ಲಿ, "ಗಡಿಯಲ್ಲಿದ್ದರು. ಎರಡು ಯುದ್ಧ ಕಂಡಿದ್ದಾರೆ" ಎಂದೆ. ಅವರ ಮುಖ ಗಂಭೀರವಾಯಿತು. ಅಪ್ಪ ಒಂದು ಕ್ಷಣ ನನ್ನನ್ನೇ ನೋಡಿ, ಆಮೇಲೆ ಬರಿದಾಗಿದ್ದ ಕಪ್ಪಿನಲ್ಲಿ ಚಮಚ ಆಡಿಸತೊಡಗಿದರು. ನನಗೆ ನಾಚಿಕೆಯಾಯಿತು. ಆದರೆ ಬಾಯಿಂದ ಹೊರಬಿದ್ದ ಮಾತನ್ನು ತಿದ್ದಲಿಲ್ಲ.

ಅಂದಿನಿಂದ ಪೋಸ್ಟ್‌ಮನ್ನಿಗೆ ಅಪ್ಪನೆಂದರೆ ಎಲ್ಲಿಲ್ಲದ ಮರ್ಯಾದೆ. ಬೇಲಿಯ ಮೇಲಿಂದ ಒಂದು ಕಟ್ಟು ಬಿಳಿ ಆಸ್ಪರಾಗಸ್ ಕೊಟ್ಟರು, ಬೆರಳು ದಪ್ಪದ ಕಡ್ಡಿಯಂಥ ಅಲ್ಲಿನ ತರಕಾರಿ. ಅಪ್ಪ ಅದನ್ನು ಬಿಸಿಲು ಕಾಣದ ನುಗ್ಗೇಕಾಯಿ ಎಂದು ತಿಳಿದು ಹುಳಿಗೆ ಹಾಕಿ, "ಬೀಜಾನೇ ಇಲ್ವಲ್ಲೋ" ಎಂದು ಬೇಜಾರು ಮಾಡಿಕೊಂಡರು. ಆ ಹುಳಿಯ ಒಂದು ಬಟ್ಟಲು ಬೇಲಿಯಾಚೆಗೂ ಹೋಯಿತು. ಇಬ್ಬರೂ ಹೀಗೆ ಮಾತಿಲ್ಲದೆ ಒಂದು ತಿಂಗಳು ಚೆನ್ನಾಗಿದ್ದರು. ಅವರಿಬ್ಬರ ನಗು ಕೇಳಿಸಿದಾಗಲೆಲ್ಲ ನನ್ನ ಸುಳ್ಳು ನನಗೆ ಚುಚ್ಚುತ್ತಿತ್ತು.

ಜೂನಿನ ಒಂದು ಭಾನುವಾರ ಮಧ್ಯಾಹ್ನ ಜಡಿಮಳೆ. ಪೋಸ್ಟ್‌ಮನ್ ವಿಡಿಯೋ ಅಂಗಡಿಯಿಂದ ಒಂದು ಕ್ಯಾಸೆಟ್ ತಂದು ನಮ್ಮಿಬ್ಬರನ್ನೂ ತಮ್ಮ ಮನೆಗೆ ಕರೆದಿದ್ದರು, ಅಪ್ಪನ ಗೌರವಾರ್ಥ. ಬಲವಂತಕ್ಕೆ ಸೈನ್ಯ ಸೇರಿದ ಹುಡುಗರ ಕತೆ. ಯಾವ ದೇಶದ ಸಿನಿಮಾ ಎನ್ನುವುದು ಈಗ ಮರೆತಿದೆ. ಕೆಳಗೆ ಡಚ್ ಅಕ್ಷರಗಳು ಬರುತ್ತಿದ್ದವು. ಅಪ್ಪ ಬೆನ್ನು ನೆಟ್ಟಗೆ ಮಾಡಿ ಕೂತರು.

ಬಸ್ಸು ಬಂತು. ಹುಡುಗರು ಇಳಿದರು. ಕುರ್ಚಿ, ಮಿಷಿನ್, ಉದುರುವ ಕೂದಲು. ಪೋಸ್ಟ್‌ಮನ್ ಹಲ್ಲು ಕಚ್ಚಿ "ಹೀಗೇ, ನೋಡಿ, ಹೀಗೇ" ಎಂದರು. ಅಪ್ಪನ ಕೈ ತೊಡೆಯ ಮೇಲೆ ಮಿಸುಕಾಡುತ್ತಿತ್ತು.

"ಮಿಷಿನ್ ಬೆಚ್ಚಗೆ ಮಾಡ್ಕೊಳ್ಳಲಿಲ್ಲ ನೋಡು ಅವನು" ಎಂದರು.

ಅಷ್ಟರಲ್ಲಿ ದೃಶ್ಯ ಮುಗಿದು ಹುಡುಗರು ಮೈದಾನದಲ್ಲಿ ಓಡುತ್ತಿದ್ದರು.

"ಅವನ ಮುಖಾನೇ ತೋರಿಸ್ಲಿಲ್ವಲ್ಲೋ!" ಅಪ್ಪನ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾದ ಆಶ್ಚರ್ಯವಿತ್ತು. "ಅಷ್ಟು ಹುಡುಗರ ತಲೆ ಮುಟ್ಟಿದಾನೆ. ಅವನೇನು ಅಂದ, ಹುಡುಗರೇನು ಅಂದ್ರು, ಒಂದೂ ಇಲ್ಲ. ಹಾಗಲ್ಲಪ್ಪಾ ಮಾಡೋದು."

ಹಾಗೆಂದವರು ಎದ್ದರು. ನಾನು ತಡೆಯುವಷ್ಟರಲ್ಲಿ ಪೋಸ್ಟ್‌ಮನ್ನರ ಕುರ್ಚಿಯ ಹಿಂದೆ ಹೋಗಿ ನಿಂತು, ಎಡಗೈಯನ್ನು ಅವರ ನೆತ್ತಿಯ ಮೇಲೆ ಇಟ್ಟರು. "ಮೊದ್ಲು ಹೀಗೆ ಕೈ ಇಡ್ಬೇಕು. ಸುಮ್ನೆ. ಹುಡುಗ ಉಸಿರು ಬಿಡೋವರೆಗೂ ಮಿಷಿನ್ ಮುಟ್ಟಬಾರದು. ಆಮೇಲೆ ಮಾತಾಡಿಸ್ಬೇಕು. ಯಾವೂರಪ್ಪಾ ನಿಂದು? ಮನೇಲಿ ಯಾರ್ಯಾರಿದ್ದಾರೆ? ಅಪ್ಪ ಏನ್ ಮಾಡ್ತಾರೆ? ಇದಕ್ಕೆ ಉತ್ತರ ಹೇಳೋವಷ್ಟರಲ್ಲಿ ಕಟಿಂಗ್ ಮುಗಿದೋಗಿರುತ್ತೆ, ಅವನಿಗೆ ಗೊತ್ತೇ ಆಗಲ್ಲ." ಬಲಗೈಯ ಬೆರಳುಗಳು ಇಲ್ಲದ ಮಿಷಿನ್ನನ್ನು ಒತ್ತುತ್ತಾ ಕುತ್ತಿಗೆಯಿಂದ ಮೇಲಕ್ಕೆ ಹೋದವು. ಹುಡುಗತನದಿಂದ ಬಂದ ನಲವತ್ತು ವರ್ಷದ ಅಭ್ಯಾಸ ಆ ಬೆರಳುಗಳಲ್ಲಿತ್ತು.

ಪೋಸ್ಟ್‌ಮನ್ ಅಲುಗಾಡದೆ ಕೂತಿದ್ದರು. ಒಂದು ಮಾತಿಗೂ ಅನುವಾದ ಬೇಕಾಗಲಿಲ್ಲ. ಅವರು ನನ್ನ ಕಡೆ ನೋಡಿ, "ಇವರು ಕ್ಷೌರಿಕರು, ಅಲ್ವಾ?" ಎಂದರು.

ನಾನು ತಲೆಯಾಡಿಸಿದೆ.

ಅವರು ಬೈಯಬಹುದಿತ್ತು. ಬೈಯಲಿಲ್ಲ. ಟೀವಿ ಆರಿಸಿ, "ಮೂವತ್ತು ವರ್ಷದಿಂದ ಆ ಮನುಷ್ಯನನ್ನ ಬೈತಾ ಇದ್ದೀನಿ. ಅವನ ಮುಖ ನನಗೂ ನೆನಪಿಲ್ಲ" ಎಂದರು. ಆಮೇಲೆ ಕೂದಲ ತುದಿ ಹಿಡಿದು ತೋರಿಸುತ್ತಾ, "ನಿಮ್ಮ ತಂದೆ ನನ್ನ ಕೂದಲು ಸರಿ ಮಾಡ್ತಾರಾ, ಕೇಳಿ."

ಕೇಳುವುದೇನು? ಅಪ್ಪ ಆಗಲೇ ಮನೆಗೆ ಹೋಗಿ ಸ್ಟೂಲು ಹತ್ತಿ ಚೀಲ ಇಳಿಸುತ್ತಿದ್ದರು.

ಮಳೆ ನಿಂತಿತ್ತು. ನಮ್ಮ ತೋಟದಲ್ಲಿ ಅಡುಗೆಮನೆಯ ಕುರ್ಚಿ ಹಾಕಿದೆವು. ಅಪ್ಪ ಹಳೇ ಬೆಡ್‌ಶೀಟು ಹೊದಿಸಿ, ರಬ್ಬರ್ ಬ್ಯಾಂಡು ಬಿಚ್ಚಿ, "ಬೋಳಿಸಲ್ಲ, ತುದಿ ಮಾತ್ರ ಅಂತ ಹೇಳು ಅವ್ರಿಗೆ. ಮೊದ್ಲು ಧೈರ್ಯ ಹೇಳು" ಎಂದರು. ನೆತ್ತಿಯ ಮೇಲೆ ಕೈ ಇಟ್ಟು ಕಾದರು. ಆಮೇಲೆ ಆ ಮೂರು ಪ್ರಶ್ನೆ. ನಾನು ಈ ಸಲ ಅಕ್ಷರವೊಂದನ್ನೂ ಬದಲಾಯಿಸದೆ ಹೇಳಿದೆ.

ಊರು ಟಿಲ್‌ಬರ್ಗ್‌ನ ಆಚೆಗಿನ ಹಳ್ಳಿಯಂತೆ. ಅವರ ಅಪ್ಪ ಹಸು ಸಾಕಿದ್ದರಂತೆ. ಸೈನ್ಯಕ್ಕೆ ಹೊರಟ ದಿನ ಅಷ್ಟು ದೊಡ್ಡ ಮಗನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಸ್ಟೇಷನ್ನಿಗೆ ತಂದು ಬಿಟ್ಟಿದ್ದರಂತೆ. ಮನೆಯಲ್ಲಿ ಯಾರ್ಯಾರಿದ್ದಾರೆ ಎಂಬುದಕ್ಕೆ ಮಾತ್ರ ಉತ್ತರ ಬರಲಿಲ್ಲ. ಬೆಡ್‌ಶೀಟಿನೊಳಗೆ ಭುಜ ನಡುಗಿತು. ಅಪ್ಪ ಕತ್ತರಿಯನ್ನು ಜೇಬಿಗೆ ಹಾಕಿ, ಆ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ತಮ್ಮ ಹೊಟ್ಟೆಗೆ ಒರಗಿಸಿಕೊಂಡರು. "ಅಳ್ಲಿ ಬಿಡು. ಎಲ್ಲಾ ಹುಡುಗರೂ ಅಳ್ತಾರೆ" ಎಂದರು ನನಗೆ.

ಕಟಿಂಗ್ ಮುಗಿದು ಪೋಸ್ಟ್‌ಮನ್ ಮನೆಗೆ ಹೋದ ಮೇಲೆ ನಾನು ಕಲ್ಲಿನ ಮೇಲೆ ಬಿದ್ದಿದ್ದ ಬಿಳಿ ಕೂದಲು ಗುಡಿಸುತ್ತಿದ್ದೆ. ಅಪ್ಪ ಕತ್ತರಿ ಒರೆಸುತ್ತಾ ನಿಂತಿದ್ದರು.

"ಅಪ್ಪಾ, ಅವತ್ತು ಅವರಿಗೆ ನಾನು ಬೇರೇನೋ ಹೇಳಿದ್ದೆ" ಎಂದೆ.

"ಗೊತ್ತು."

"ನಿಮಗೆ ಇಂಗ್ಲಿಷ್..."

"ನಂಗೆಲ್ಲಿ ಬರುತ್ತೆ ಇಂಗ್ಲಿಷು? ಬಾರ್ಬರ್ ಅನ್ನೋದೊಂದು ಬರುತ್ತೆ. ಇಪ್ಪತ್ತೆರಡು ವರ್ಷ ನನ್ನ ಕಾಗದದ ಮೇಲೆಲ್ಲಾ ಅದೇ ಇತ್ತಲ್ಲೋ. ನೀನು ಮಾತಾಡಿದ್ರಲ್ಲಿ ಅದು ಬರ್ಲೇ ಇಲ್ಲ."

ಪೊರಕೆ ಕೈಯಲ್ಲೇ ನಿಂತಿತು. "ಮತ್ತೆ ಯಾಕೆ ಸುಮ್ನಿದ್ರಿ?"

"ಆ ನಿಮ್ ಮೇಷ್ಟ್ರು ಕೇಳ್ದಾಗ್ಲೂ ಸುಮ್ನಿದ್ನಲ್ಲ. ಅಷ್ಟು ಹುಡುಗರ ಎದುರಿಗೆ ನಿನ್ ಮುಖ ನೋಡಿದೆ, ಹೂಂ ಅಂದ್ಬಿಟ್ಟೆ." ಅವರು ಕತ್ತರಿಯನ್ನು ಚೀಲಕ್ಕೆ ಹಾಕಲಿಲ್ಲ. ಮಿಷಿನ್ ಹೊರತೆಗೆದು ಅಂಗೈಗಳ ನಡುವೆ ಇಟ್ಟುಕೊಂಡು ಉಜ್ಜತೊಡಗಿದರು. "ಬಾ, ಕೂತ್ಕೋ. ತಲೆ ಕಾಡಾಗಿದೆ."

ಕೂತೆ. ಹತ್ತು ವರ್ಷವಾಗಿತ್ತು ಅವರ ಕೈಗೆ ತಲೆ ಕೊಟ್ಟು. ನೆತ್ತಿಯ ಮೇಲೆ ಅವರ ಕೈ ಬಂತು, ಅಲ್ಲೇ ನಿಂತಿತು. ನಾನು ಉಸಿರು ಬಿಡುವವರೆಗೂ ಅವರು ಕಾದರು. ಕುತ್ತಿಗೆಗೆ ತಾಗಿದ ಮಿಷಿನ್ ಬೆಚ್ಚಗಿತ್ತು.

"ಯಾವೂರಪ್ಪಾ ನಿಂದು?" ಅಪ್ಪ ನಗುತ್ತಿದ್ದರೆಂದು ಧ್ವನಿಯಲ್ಲೇ ಗೊತ್ತಾಯಿತು.

"ಮೈಸೂರು."

"ಮನೇಲಿ ಯಾರ್ಯಾರಿದ್ದಾರೆ?"

"ಅಮ್ಮ, ಅಕ್ಕ, ಅಪ್ಪ."

"ಅಪ್ಪ ಏನ್ ಮಾಡ್ತಾರೆ?"

ಬೇಲಿಯಾಚೆ ಪೋಸ್ಟ್‌ಮನ್ ತಮ್ಮ ಬಾಗಿಲಲ್ಲಿ ಕನ್ನಡಿ ಹಿಡಿದು ನಿಂತಿದ್ದರು. ಅವರಿಗೂ ಕೇಳಿಸಲೆಂದು ನಾನು ಗಟ್ಟಿಯಾಗಿ ಹೇಳಿದೆ.

"ಮಿಲಿಟರೀಲಿ ಬಾರ್ಬರ್."